ಮೂರನೇ ಶೂ ಅಂಗಡಿ: ಶೀಟ್‌ನಲ್ಲಿ ಲಾಭ ಇದೆ, ನನಗೆ ಮಾತ್ರ ಧೈರ್ಯ ಬರುತ್ತಿಲ್ಲ

ಜೋಡಿಲೆಕ್ಕ:

ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಎರಡು ಶೂ ಅಂಗಡಿ ನಡೆಸುತ್ತಿದ್ದೇವೆ. ಈಗ ಮೂರನೆಯದಕ್ಕೆ ಜಾಗ ನೋಡಿದ್ದೇವೆ. ತಮ್ಮ ಎಕ್ಸೆಲ್ ಶೀಟ್ ಮಾಡಿದ್ದಾನೆ. ಹಾಕುವ ದುಡ್ಡು 1,000 ಪಾಲು ಅಂದುಕೊಂಡರೆ, ವರ್ಷಕ್ಕೆ 250 ಪಾಲಿನಂತೆ ಐದು ವರ್ಷಕ್ಕೆ 1,250 ಬರುತ್ತದೆ. ನಾಲ್ಕು ವರ್ಷಕ್ಕೇ ಅಸಲು ಬಂತಲ್ಲ, ಇನ್ನೇನು ಯೋಚನೆ ಅಂತಾನೆ.

ಎರಡನೇ ಅಂಗಡಿಗೂ ಶೀಟ್ ಹೀಗೇ ಚೆನ್ನಾಗಿತ್ತು. ಮಾರಾಟವೂ ಅಂದುಕೊಂಡಷ್ಟೇ ಆಯಿತು. ಬಾಡಿಗೆ, ಸಂಬಳ ಎರಡೂ ಲೆಕ್ಕ ಮೀರಲಿಲ್ಲ. ಆದರೂ ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದು ಅಂದುಕೊಂಡದ್ದರ ಅರ್ಧ. ಎಲ್ಲಿ ಸೋರಿತು ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಮಾರಾಟದ ಜೊತೆ ಏರಿಳಿಯುವ ಖರ್ಚು ಅನ್ನುವ ಸಾಲಿನಲ್ಲಿ ತಮ್ಮ ಒಂದೇ ಸಂಖ್ಯೆ ಹಾಕಿದ್ದಾನೆ, 58%. ಅದು ಮಾಲು ಕೊಂಡ ಬೆಲೆ. ಇಷ್ಟು ಸಾಕಾ? ಒಂದು ಅಂಗಡಿ ತೆರೆಯಲು ಯೋಗ್ಯವೋ ಅಲ್ಲವೋ ಅಂತ ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ?

ಹಳೇಖಾತೆ:

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹೊಸ ಅಂಗಡಿಗಳ ಲೆಕ್ಕ ನೋಡುವುದೇ ಬಹಳ ವರ್ಷ ನನ್ನ ಕೆಲಸವಾಗಿತ್ತು. ಹೆಚ್ಚಿನ ಶೀಟ್‌ಗಳು ಎಡವುತ್ತಿದ್ದದ್ದು ಆ 58% ಸಾಲಿನಲ್ಲೇ.

ಒಂದು ಜೋಡಿ ಶೂ ಕೈಗೆತ್ತಿಕೊಳ್ಳಿ. ಟ್ಯಾಗ್ ಬೆಲೆ 100. ಕೊಂಡದ್ದು 58, ಉಳಿದದ್ದು 42. ಈಗ ಅದರ ಹಿಂದೆಯೇ ನಡೆಯಿರಿ. ಗೋದಾಮಿನಿಂದ ಅಂಗಡಿಗೆ ಸಾಗಣೆ 3. ಕಾರ್ಡ್ ಶುಲ್ಕ 2. ಮಾರಿದ ಹುಡುಗನ ಕಮಿಷನ್ 3. ಕೈಚೀಲ 1. ಅಲ್ಲಿಗೆ 33.

ಇನ್ನೂ ಮುಗಿದಿಲ್ಲ. ಹತ್ತು ಜೋಡಿಯಲ್ಲಿ ಎರಡು ಸೀಸನ್ ಕೊನೆಗೆ 40% ರಿಯಾಯಿತಿಯಲ್ಲಿ ಹೋಗುತ್ತವೆ ಅಂದುಕೊಳ್ಳಿ. ಅದನ್ನು ಹತ್ತಕ್ಕೂ ಹಂಚಿದರೆ ಜೋಡಿಗೆ 8. ಹಾಗಾಗಿ 25. ನೂರರಲ್ಲಿ ಆರು ವಾಪಸ್ ಬಂದು, ಎರಡು ಮತ್ತೆ ಮಾರಲು ಬಾರದಂತಿದ್ದರೆ ಜೋಡಿಗೆ ಸುಮಾರು ಇನ್ನೊಂದು ಹೋಯಿತು. ಕಳವು, ಎಣಿಕೆ ತಪ್ಪು ಸೇರಿ ಮತ್ತೊಂದು. ಕೊನೆಗೆ ಉಳಿದದ್ದು 23.

ಈ ಅಂಕಿಗಳು ನಾನು ಉದಾಹರಣೆಗೆ ಹಾಕಿದ್ದು. ನಿಮ್ಮದು ನಿಮ್ಮ ಬಿಲ್‌ಗಳಲ್ಲೇ ಸಿಗುತ್ತದೆ. ಆದರೆ ಪರಿಣಾಮ ನೋಡಿ: ತಿಂಗಳ ಸ್ಥಿರ ಖರ್ಚು 230 ಪಾಲು ಇದ್ದರೆ, 42 ಉಳಿಯುವ ಅಂಗಡಿಗೆ ಟ್ಯಾಗ್ ಬೆಲೆಯಲ್ಲಿ 548 ಪಾಲು ಮಾರಿದರೆ ಸಾಕು. 23 ಉಳಿಯುವ ಅಂಗಡಿ 1,000 ಮಾರಬೇಕು. ಅದೇ ಬಾಡಿಗೆ, ಅದೇ ಶಟರ್. ಹೆಚ್ಚು ಕಡಿಮೆ ಎರಡರಷ್ಟು ಮಾರಾಟ!

ಇನ್ನು ನಾಲ್ಕು ವರ್ಷಕ್ಕೆ ಅಸಲು ಅನ್ನುವ ಮಾತು. ಮುಂದೆ ಬರುವ ದುಡ್ಡಿಗೆ ಇವತ್ತಿನ ದುಡ್ಡಿನ ಬೆಲೆ ಇಲ್ಲ ಅಲ್ವಾ? ನಿಮ್ಮ ದುಡ್ಡು ಬೇರೆ ಕಡೆ ವರ್ಷಕ್ಕೆ 12% ದುಡಿಯಬಹುದು ಅಂದರೆ, ಐದು ವರ್ಷ ಬರುವ 250ರ ಇಂದಿನ ಬೆಲೆ ಒಟ್ಟು 901. ಹಾಕಿದ್ದು 1,000. ಲಾಭ ಅಂತ ಕಂಡದ್ದು 99 ಪಾಲು ನಷ್ಟ. ಆ 1,000ದಲ್ಲಿ ಸ್ಟಾಕ್‌ಗೆ ಹಾಕಿದ್ದು ಎಷ್ಟು ಅಂತಲೂ ನೋಡಿ. ಅಂಗಡಿ ಮುಚ್ಚಿದರೆ ಅದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ, ಅದನ್ನು ಸೇರಿಸಿಕೊಳ್ಳಬಹುದು. ಆದರೆ ಐದು ವರ್ಷದ ಮೇಲೆ ಬರುವ 100 ಅಂದರೆ ಇವತ್ತಿಗೆ 57 ಮಾತ್ರ.

ಒಂದು ಪ್ರಶ್ನೆ: ಮೂರನೇ ಅಂಗಡಿಯ ಗಿರಾಕಿಗಳಲ್ಲಿ ಎಷ್ಟು ಜನ ಈಗಾಗಲೇ ನಿಮ್ಮ ಎರಡು ಅಂಗಡಿಗೆ ಬರುವವರು? 400 ಮಾರಾಟದಲ್ಲಿ 120 ಅಲ್ಲಿಂದ ಎದ್ದು ಬಂದದ್ದಾದರೆ ಹೊಸದು 280 ಮಾತ್ರ. ಮನಸ್ಸಿಗೆ ಹಿತ ಅನ್ನಿಸದ ಲೆಕ್ಕ ಇದು. ಆದರೂ ಮಾಡಲೇಬೇಕು.

ಹೊಸಶಟರ್:

ಇಷ್ಟೆಲ್ಲ ಯಾಕೆ? ಶುರುವಿನಲ್ಲೇ 20% ರಿಯಾಯಿತಿ ಹಾಕಿ, ಬೇಗ ಬೇಗ ಮಾರಿ. ಮಾಲು ತಿರುಗಿದರೆ ಎಲ್ಲ ಸರಿಹೋಗುತ್ತದೆ.

ಹಳೇಖಾತೆ:

ಮಾಲು ತಿರುಗಬೇಕು, ಒಪ್ಪುತ್ತೇನೆ. ಆದರೆ ಪೂರ್ತಿ ಟ್ಯಾಗ್ ಬೆಲೆಗೆ ಹೋದರೆ 33 ಉಳಿಯುವ ಜೋಡಿಗೆ 20 ಬಿಟ್ಟುಕೊಟ್ಟರೆ ಉಳಿಯುವುದು 13. ಅಷ್ಟೇ ದುಡ್ಡು ನೋಡಲು ಸುಮಾರು ಎರಡೂವರೆ ಪಟ್ಟು ಜೋಡಿ ಮಾರಬೇಕು. ಅಷ್ಟು ಗಿರಾಕಿ ಬರುತ್ತಾರೆ ಅಂತ ನಂಬಿಕೆ ಇದ್ದರೆ ಮಾತ್ರ ಮಾಡಿ.

ಸ್ಟಾಕ್‌ರೂಮ್:

ನಾನು ಮಾಲಿನ ಕಡೆಯಿಂದ ಹೇಳುತ್ತೇನೆ. ಕೈಚೀಲ, ಕಮಿಷನ್ ಕಡಿಮೆ ಮಾಡಲು ಹೋಗಬೇಡಿ. ಅಲ್ಲಿ ಉಳಿಯುವುದು ನೂರಕ್ಕೆ ಅರ್ಧ ಪಾಲು, ಹುಡುಗರ ಮುಖ ಸಪ್ಪೆಯಾಗುವುದು ದಿನವಿಡೀ. ಸೀಸನ್ ಕೊನೆಯ ರಿಯಾಯಿತಿಯಲ್ಲಿ ಹೋಗುವ ಆ 8ರ ಮೇಲೆ ಕೈ ಇಡಿ.

ಶೂ ವ್ಯಾಪಾರದಲ್ಲಿ ಆ 8 ಹುಟ್ಟುವುದೇ ಸೈಜ್‌ನಲ್ಲಿ. ಎಲ್ಲ ಸೈಜ್ ಸೇರಿದ ಸೆಟ್ ಲೆಕ್ಕದಲ್ಲಿ ಕಾರ್ಟನ್ ಬರುತ್ತದೆ. ನಡುವಿನ ಸೈಜ್ ಮೊದಲ ವಾರಗಳಲ್ಲೇ ಖಾಲಿ. ಎರಡೂ ತುದಿಯ ಸೈಜ್ ಉಳಿಯುತ್ತವೆ. ನಮ್ಮಲ್ಲಿ ಮೇಲಿನ ಹಲಗೆಯ ಡಬ್ಬಗಳ ಮುಚ್ಚಳದ ಬಣ್ಣವೇ ಬೇರೆಯಾಗಿತ್ತು. ಬಿಸಿಲಿಗೆ ಮಾಸಿ, ಅಂಚಿನಲ್ಲಿ ಧೂಳಿನ ಗೆರೆ. ಇಳಿಸಿ ನೋಡಿದರೆ ಎಲ್ಲ ತುದಿಯ ಸೈಜ್‌ಗಳೇ.

ಆಮೇಲೆ ನಾವು ಮೊದಲ ಆರ್ಡರ್ ಅರ್ಧಕ್ಕೆ ಇಳಿಸಿದೆವು. ಹೋದ ಸೈಜ್ ಮಾತ್ರ ಮತ್ತೆ ತರಿಸಿದೆವು. ಸಾಗಣೆ ಜೋಡಿಗೆ ಸ್ವಲ್ಪ ಜಾಸ್ತಿಯಾಯಿತು ನಿಜ. ರಿಯಾಯಿತಿಯಲ್ಲಿ ಕಳೆಯುವುದು ಅದಕ್ಕಿಂತ ಎಷ್ಟೋ ಹೆಚ್ಚು ತಗ್ಗಿತು. ಜಾಸ್ತಿ ಮಾಲು ತೆಗೆದುಕೊಂಡರೆ ಬೆಲೆ ಇಳಿಸುತ್ತೇವೆ ಅಂತ ಸಪ್ಲೈಯರ್ ಹೇಳಿದಾಗ, ಬೆಲೆ ಹಾಗೇ ಇರಲಿ, ಉಳಿದ ಸೈಜ್ ಬದಲಾಯಿಸಿ ಕೊಡಿ ಅಂತ ಕೇಳಿ ನೋಡಿ.

ಬಾಡಿಗೆಯನ್ನೂ ಮಾತಾಡಿ. ಕಡಿಮೆ ಕನಿಷ್ಠ ಬಾಡಿಗೆ, ಅದರ ಮೇಲೆ ಮಾರಾಟದ ಇಷ್ಟು ಪಾಲು ಅನ್ನುವ ಒಪ್ಪಂದಕ್ಕೆ ಕೆಲವು ಮಾಲೀಕರು ಬರುತ್ತಾರೆ. ಮೊದಲ ವರ್ಷ ವ್ಯಾಪಾರ ಡಲ್ ಆದರೆ ಉಸಿರಾಡಲು ಜಾಗ ಸಿಗುತ್ತದೆ. ವ್ಯಾಪಾರ ಚೆನ್ನಾದರೆ ಜಾಸ್ತಿ ಕೊಡಬೇಕು, ಅದನ್ನೂ ಶೀಟ್‌ನಲ್ಲಿ ಹಾಕಿ.

ಜೋಡಿಲೆಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎರಡನೇ ಅಂಗಡಿಯ ಬಿಲ್ ಎಲ್ಲ ತೆಗೆದು ನಾನು, ತಮ್ಮ ಕೂತೆವು. ಜೋಡಿಯ ಹಿಂದೆ ನಡೆದು ನೋಡಿದರೆ ನಮಗೆ ಉಳಿದದ್ದು 26. ಅವನು ಮೂರು ಸಲ ಕೂಡಿ ನೋಡಿದ. ಕಾರ್ಡ್ ಶುಲ್ಕವನ್ನು ಬ್ಯಾಂಕ್ ಖರ್ಚಿನಲ್ಲಿ, ರಿಯಾಯಿತಿಯನ್ನು ಜಾಹೀರಾತಿನಲ್ಲಿ ಬರೆದಿದ್ದೆವು. ಅದಕ್ಕೇ ಕಂಡಿರಲಿಲ್ಲ.

ಜಾಗದ ಮಾಲೀಕರಿಗೆ ಎರಡು ವಾರ ಟೈಮ್ ಕೇಳಿದ್ದೇವೆ. ನಕ್ಷೆ ಮಾಡಿಸಲು ಕೊಟ್ಟ ದುಡ್ಡು ಹೋಗುತ್ತದಲ್ಲ ಅಂತ ತಮ್ಮನಿಗೆ ಸಂಕಟ. ತೆರೆದರೂ ತೆರೆಯದಿದ್ದರೂ ಅದು ಹೋಗಿಯೇ ಆಯಿತು, ಈ ಲೆಕ್ಕಕ್ಕೆ ತರಬೇಡ ಅಂದೆ. ನಾಳೆಯಿಂದ ಎರಡೂ ಅಂಗಡಿಯಲ್ಲಿ ಬಿಲ್ ಮಾಡುವಾಗ ಗಿರಾಕಿ ಯಾವ ಕಡೆಯಿಂದ ಬಂದರು ಅಂತ ಕೇಳಿ ಬರೆದಿಡುತ್ತೇವೆ. ಮೇಲಿನ ಹಲಗೆಯ ಡಬ್ಬಗಳನ್ನು ಇವತ್ತೇ ಇಳಿಸಿದೆ. 64 ಜೋಡಿ ಇತ್ತು.