ಆಟೋಫಜಿಗೆ 'ಸ್ವಭಕ್ಷಣೆ' ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ.

ಪಾರ್ಕಿನ್ಸನ್ ಕಾಯಿಲೆ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಜೀವಕೋಶ ತನ್ನೊಳಗಿನ ಕಸವನ್ನು ತಾನೇ ಕರಗಿಸಿಕೊಳ್ಳುವ ಕೆಲಸಕ್ಕೆ ಆಟೋಫಜಿ ಅಂತಾರೆ. ಅದಕ್ಕೆ 'ಸ್ವಭಕ್ಷಣೆ' ಅಂತ ಬರೆದು ಅಮ್ಮನಿಗೆ ಓದಲು ಕೊಟ್ಟೆ. ನಮ್ಮ ಸೋದರಮಾವನಿಗೆ ಈ ಕಾಯಿಲೆ ಇದೆ. ಎರಡು ಪ್ಯಾರಾ ಓದಿ ಅಮ್ಮ ಕನ್ನಡಕ ತೆಗೆದಿಟ್ಟರು. "ಅಂದ್ರೆ ಅಣ್ಣನ ಮಿದುಳು ತನ್ನನ್ನ ತಾನೇ ತಿಂತಾ ಇದೆಯಾ? ಅದನ್ನ ನಿಲ್ಲಿಸೋಕೆ ಮಾತ್ರೆ ಇಲ್ವಾ?"

ನನಗೆ ಎದೆ ಧಸಕ್ಕೆಂದಿತು. ವಿಷಯ ಪೂರ್ತಿ ಉಲ್ಟಾ ತಲುಪಿತ್ತು. ಆಟೋಫಜಿ ಕಾಯಿಲೆಯಲ್ಲ, ಅದು ಕುಂಟಿದರೆ ನರಕೋಶ ಕೆಡುತ್ತದೆ.

1963ರಲ್ಲಿ ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಗ್ರೀಕಿನ 'ತಾನು', 'ತಿನ್ನು' ಎರಡನ್ನೂ ಸೇರಿಸಿ ಈ ಪದ ಕಟ್ಟಿದರು. ಜೀವಕೋಶ ತನ್ನೊಳಗಿನ ಹಾಳಾದ ಪ್ರೋಟೀನು, ಕೆಟ್ಟುಹೋದ ಮೈಟೋಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಇವನ್ನೆಲ್ಲ ಎರಡು ಪದರದ ಪೊರೆಯಲ್ಲಿ ಮೂಟೆ ಕಟ್ಟಿ ಲೈಸೋಸೋಮಿಗೆ, ಅಂದರೆ ಕಸ ಕರಗಿಸುವ ಪುಟ್ಟ ಚೀಲಕ್ಕೆ, ಸಾಗಿಸುತ್ತದೆ. ಅಲ್ಲಿ ಕರಗಿ ಬಂದ ಅಮೈನೋ ಆಮ್ಲ ಮತ್ತೆ ಬಳಕೆಗೆ ಬರುತ್ತದೆ. ಹಸಿದ ಕೋಶದಲ್ಲಿ ಈ ಕೆಲಸ ಇನ್ನೂ ಜಾಸ್ತಿ. ಇದರ ಜೀನ್‌ಗಳನ್ನು ಯೀಸ್ಟ್‌ನಲ್ಲಿ ಹುಡುಕಿದ ಜಪಾನಿನ ವಿಜ್ಞಾನಿ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಅಂಥ ಜೀನ್‌ಗಳಲ್ಲಿ ಎಟಿಜಿ5 ಒಂದು. ಮೂಟೆಯ ಪೊರೆ ಬೆಳೆಯಲು ಇದು ಬೇಕು. 2006ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳ ನರಮಂಡಲದಲ್ಲಿ ಮಾತ್ರ ಈ ಜೀನ್ ತೆಗೆದು ನೋಡಿದರು. ಆರೋಗ್ಯವಂತ ಇಲಿಯನ್ನು ಬಾಲ ಹಿಡಿದು ಎತ್ತಿದರೆ ಹಿಂಗಾಲು ಅಗಲಿಸುತ್ತದೆ. ಈ ಇಲಿಗಳು ಬೆಳೆಯುತ್ತಾ ಬಂದಂತೆ ಕಾಲು ಮುದುರಿಕೊಳ್ಳುತ್ತಿದ್ದವು, ನಡಿಗೆ ತಪ್ಪಿತು. ನರಕೋಶಗಳ ಒಳಗೆ ಪ್ರೋಟೀನ್ ಗಂಟುಗಳು ಕೂಡಿದ್ದವು. ಹೊರಗಿನಿಂದ ಯಾವ ಕೆಟ್ಟ ಪ್ರೋಟೀನನ್ನೂ ಸೇರಿಸಿರಲಿಲ್ಲ, ಬರೀ ಕಸ ತೆಗೆಯುವುದು ನಿಂತಿತ್ತು ಅಷ್ಟೇ. ಬೇರೆ ಕೋಶಗಳಾದರೆ ಒಡೆದು ಎರಡಾದಾಗ ಕಸವೂ ಹಂಚಿಹೋಗುತ್ತದೆ. ನರಕೋಶ ಒಡೆಯುವುದಿಲ್ಲ. ಅದರ ಕಸ ಅದರಲ್ಲೇ.

ಇಷ್ಟನ್ನೂ 'ಭಕ್ಷಣೆ' ಹೇಳುತ್ತಾ? ಆ ಪದ ಕೇಳಿದರೆ ರಾಕ್ಷಸರೇ ನೆನಪಾಗುತ್ತಾರೆ, ಅಲ್ವಾ? 'ಸ್ವಭಕ್ಷಕ ಜೀನ್' ಅಂತ ಬರೆದರೆ ಇನ್ನೂ ಎಡವಟ್ಟು. ಜೀನ್ ತನ್ನನ್ನೇ ತಿನ್ನುತ್ತದೆ ಅನ್ನೋ ಅರ್ಥ ಬರುತ್ತದೆ.

ನನಗೆ ಹೊಳೆದದ್ದು 'ಅರಗು'. ಉಂಡದ್ದು ಅರಗಿದರೆ ಮೈಗೆ ಹತ್ತುತ್ತದೆ. ಹಾಗಾಗಿ 'ತನ್ನರಗಿಕೆ', 'ತನ್ನರಗಿಕೆಯ ಜೀನ್'. 'ಕರಗು' ಕೂಡ ಇದೆ. ಮುದ್ದೆ ಉಂಡು ನಾಲ್ಕು ಹೆಜ್ಜೆ ಹಾಕಿದರೆ ಕರಗುತ್ತೆ ಅಂತೀವಿ. ಹಳೇ ಒಡವೆ ಕರಗಿಸಿ ಹೊಸದು ಮಾಡಿಸುತ್ತೀವಿ. ಈ ಎರಡನೇ ಅರ್ಥ ಆಟೋಫಜಿಗೆ ತುಂಬಾ ಹತ್ತಿರ. ಆದರೆ ಅದರಿಂದ 'ಒಳಗರಗಿಕೆ' (ಒಳ + ಕರಗಿಕೆ) ಅಂತ ಕಟ್ಟಿದರೆ ಹೊಟ್ಟೆಯೊಳಗಿನ ಮಾತು ಅನ್ನಿಸಿಬಿಡುತ್ತದೇನೋ ಅಂತ ಹಿಂಜರಿಕೆ.

ಜೊತೆಗೆ ಇನ್ನೊಂದು. ನರಕೋಶಗಳು ಬರಬರುತ್ತಾ ಕೆಡುವುದಕ್ಕೆ 'ನರಕ್ಷಯ' ಅಂದರೆ ಟಿಬಿ ಅಂದುಕೊಳ್ಳುತ್ತಾರೆ. ಮಂಡಿ ಸವೆತ, ಮೂಳೆ ಸವೆತ ಇದ್ದ ಹಾಗೆ 'ನರಕೋಶ ಸವೆತ' ಅಂತ ಬರೆದಿದ್ದೇನೆ.

ನಿಮ್ಮ ಕಡೆ 'ಅರಗು' ದಿನದ ಮಾತಿನಲ್ಲಿ ಇದೆಯಾ, ಇಲ್ಲ ಬರೀ 'ಜೀರ್ಣ'ನಾ? ಮನೆಯ ಹಿರಿಯರ ಮುಂದೆ 'ತನ್ನರಗಿಕೆ' ಅಂತ ಒಮ್ಮೆ ಹೇಳಿ, ಏನು ಅರ್ಥ ಮಾಡಿಕೊಂಡರು ಅಂತ ತಿಳಿಸ್ತೀರಾ? ಅಮ್ಮನಿಗೆ ತಿದ್ದಿದ ಲೇಖನ ಕೊಡಬೇಕು.