ಕಾಕ್ಲಿಯರ್ ಇಂಪ್ಲಾಂಟ್, ವೈರ್‌ಲೆಸ್ ಚಾರ್ಜಿಂಗ್: ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಜೊತೆ ಪ್ರಶ್ನೋತ್ತರ

(ಇಂಪ್ಲಾಂಟ್ ಹಾಕಿಸಿದ ಮಕ್ಕಳ ಮನೆಯವರ ಗುಂಪಿನ ಚಾಟ್. ಕಾಕ್ಲಿಯರ್ ಇಂಪ್ಲಾಂಟ್ ಅಂದರೆ ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಒಳಗೆ ಕೂರಿಸುವ ಸಾಧನ. ಶಬ್ದ ಹಿಡಿಯುವ ಪ್ರೊಸೆಸರ್ ಹೊರಗಿರುತ್ತೆ; ಅದರ ಕಾಯಿಲ್, ಅಂದರೆ ತಂತಿ ಸುರುಳಿ, ಮ್ಯಾಗ್ನೆಟ್‌ನಿಂದ ಕಿವಿ ಹಿಂದಿನ ಚರ್ಮದ ಮೇಲೆ ಅಂಟಿಕೊಂಡು ಒಳಗೆ ಸಿಗ್ನಲ್ ಕಳಿಸುತ್ತೆ.)

ಸದಸ್ಯ 1: ಮೇಡಂ, ಮಗಳ ಪ್ರೊಸೆಸರ್ ಮೊಬೈಲ್ ಪ್ಯಾಡ್ ಮೇಲೆ ಚಾರ್ಜಿಗಿಟ್ಟರೆ ಬಿಸಿಯಾಗುತ್ತೆ, ಬೆಳಗ್ಗೆ ನೋಡಿದರೆ ಅರ್ಧವೂ ತುಂಬಿರಲ್ಲ. ಇನ್ನೊಂದು, ಮ್ಯಾಗ್ನೆಟ್ ಕೂರುವ ಜಾಗ ಮೂರು ದಿನದಿಂದ ಕೆಂಪಗಿದೆ. ಉದುರುತ್ತೆ ಅಂತ ಹೋದ ವಾರ ಜೋರಿನ ಮ್ಯಾಗ್ನೆಟ್ ಹಾಕಿದ್ವಿ.

ಸದಸ್ಯ 6: ಇಂಡಕ್ಷನ್ ಒಲೆ ಹತ್ತಿರ ನಿಲ್ಲಬಹುದಾ?

ಆಡಿಯಾಲಜಿಸ್ಟ್: @1 ಚಾರ್ಜಿಂಗ್ ಪಕ್ಕಕ್ಕಿರಲಿ, ಮೊದಲು ಆ ಕೆಂಪು. ಪ್ರೊಸೆಸರ್ ಈಗಲೇ ತೆಗೆದಿಡಿ. ಒಳಗಿನ, ಹೊರಗಿನ ಮ್ಯಾಗ್ನೆಟ್ಟುಗಳ ಮಧ್ಯೆ ಸಿಕ್ಕಿದ ಚರ್ಮದಲ್ಲಿ ರಕ್ತ ಓಡಾಡಬೇಕು. ಬಿಗಿ ಹೆಚ್ಚಾದರೆ ಆ ಓಡಾಟ ನಿಲ್ಲುತ್ತೆ, ಚರ್ಮ ತೆಳುವಾಗಿ ಕೊನೆಗೆ ಬಿರಿದು ಇಂಪ್ಲಾಂಟೇ ಹೊರಗೆ ಕಾಣಬಹುದು. ಕೂದಲು ಸರಿಸಿ ಬೆಳಕಲ್ಲಿ ನೋಡಿ. ತೆಗೆದ ಸ್ವಲ್ಪ ಹೊತ್ತಿಗೆ ಮಾಸುವ ಗುರುತು ಬೇರೆ, ಮೂರು ದಿನ ಉಳಿದ ಕೆಂಪು ಬೇರೆ. ಊತ, ನೋವು, ನೀರು ಒಸರುವುದು, ಯಾವುದಿದ್ದರೂ ಇವತ್ತೇ ಸರ್ಜನ್‌ಗೆ ತೋರಿಸಿ. ಇಲ್ಲದಿದ್ದರೂ ನಾಳೆ ತೋರಿಸಲೇಬೇಕು. ವಾಸಿಯಾದ ಮೇಲೆ ಕಮ್ಮಿ ಜೋರಿನ ಮ್ಯಾಗ್ನೆಟ್. ಉದುರಿದರೆ ಕ್ಲಿಪ್ ದಾರ ಹಾಕಿ. ಮುಲಾಮು ಹಚ್ಚಿ ಮೇಲೆ ಕಾಯಿಲ್ ಅಂಟಿಸಬೇಡಿ.

ಇನ್ನು ಬಿಸಿ. ಪ್ಯಾಡಿನ ಕಾಯಿಲ್ ಮೇಲೆ ಪ್ರೊಸೆಸರಿನ ಕಾಯಿಲ್ ನೇರ ಕೂರಬೇಕು. ಪಕ್ಕಕ್ಕೆ ಸರಿದರೆ ಪ್ಯಾಡ್ ಹೆಚ್ಚು ವಿದ್ಯುತ್ ತಳ್ಳುತ್ತೆ. ಅದರಲ್ಲಿ ಒಂದಷ್ಟು ಬ್ಯಾಟರಿಗೆ ಹೋಗದೆ ಮ್ಯಾಗ್ನೆಟ್ಟು, ಲೋಹದಲ್ಲಿ ಶಾಖವಾಗುತ್ತೆ. ಲಿಥಿಯಂ ಸೆಲ್ 45 ಡಿಗ್ರಿ ಮುಟ್ಟಿದರೆ ಸಾಮಾನ್ಯವಾಗಿ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತೆ. ನಿಮ್ಮದು ಅರ್ಧಕ್ಕೆ ನಿಲ್ಲುವುದು ಬಹುಶಃ ಇದಕ್ಕೇ. ಪ್ರೊಸೆಸರ್ ಜೊತೆಗೆ ಬಂದ ಪ್ಯಾಡನ್ನೇ ಬಳಸಿ, ಗಟ್ಟಿ ಮೇಜಿನ ಮೇಲಿಡಿ, ನಡುವೆ ಪಿನ್ನು, ನಾಣ್ಯ ಇರಬಾರದು. ಬಿಸಿ ಆರದೆ ತಲೆಗೆ ಹಾಕಬೇಡಿ.

ಸದಸ್ಯ 2: ಫೋನ್ ಪ್ಯಾಡಲ್ಲಿ ಚಾರ್ಜ್ ಮಾಡಬಹುದಾ ಮೇಡಂ?

ಆಡಿಯಾಲಜಿಸ್ಟ್: ಈಗ ತಾನೇ ಬರೆದೆ. ಮೇಲೆ ಓದಿ.

ಸದಸ್ಯ 3: ಫಾರ್ವರ್ಡ್ ಬಂದಿದೆ: "ಫೋನ್ ಪ್ಯಾಡನ್ನು ಕಿವಿ ಹಿಂದೆ 10 ನಿಮಿಷ ಹಿಡಿದರೆ ಒಳಗಿನ ಇಂಪ್ಲಾಂಟ್ ಚಾರ್ಜ್ ಆಗುತ್ತೆ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟರೆ ಸಿಗ್ನಲ್ ಚೆನ್ನಾಗಿ ಸಿಗುತ್ತೆ." ನಿಜವಾ?

ಆಡಿಯಾಲಜಿಸ್ಟ್: ಸುಳ್ಳು, ಅಪಾಯ. ಮಾಮೂಲಿ ಇಂಪ್ಲಾಂಟಿನೊಳಗೆ ಬ್ಯಾಟರಿಯೇ ಇಲ್ಲ, ಚಾರ್ಜ್ ಮಾಡುವುದು ಏನನ್ನು? ಹೊರಗಿನ ಕಾಯಿಲ್ ಚರ್ಮದಾಚೆಗೆ ವಿದ್ಯುತ್ತನ್ನೂ ಶಬ್ದದ ಮಾಹಿತಿಯನ್ನೂ ಒಟ್ಟಿಗೆ ಕಳಿಸುತ್ತಲೇ ಇರುತ್ತೆ, ಕಂಪನಿಗೆ ತಕ್ಕಂತೆ 5, 12 ಅಥವಾ 49 ಮೆಗಾಹರ್ಟ್ಸ್‌ನಲ್ಲಿ. ಫೋನ್ ಪ್ಯಾಡ್ ಓಡುವುದು ಸಾಮಾನ್ಯವಾಗಿ 100ರಿಂದ 200 ಕಿಲೋಹರ್ಟ್ಸ್ ಆಸುಪಾಸು, ಅದಕ್ಕಿಂತ ತುಂಬ ಕೆಳಗೆ. ಎರಡೂ ಹೊಂದಲ್ಲ. ಎಣ್ಣೆ ಹೋಗುವುದು ಕಿವಿಯ ತೂತಿಗೆ, ಸಿಗ್ನಲ್ ಹೋಗುವುದು ಕಿವಿ ಹಿಂದಿನ ಚರ್ಮದ ಮೂಲಕ. ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ?

ಸದಸ್ಯ 4: ಒಳಗೆ ಬ್ಯಾಟರಿ ಇರೋದೂ ಇದೆ. ಎಸ್ಟೀಮ್ ಅನ್ನೋ ಸಾಧನ. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ 2010ರಲ್ಲೇ ಒಪ್ಪಿದೆ.

ಸದಸ್ಯ 5: ಅದು ಕಾಕ್ಲಿಯರ್ ಇಂಪ್ಲಾಂಟ್ ಅಲ್ಲ ಸರ್, ಮಧ್ಯಕಿವಿಯದು. ಅದರ ಬ್ಯಾಟರಿ ಚಾರ್ಜೂ ಆಗಲ್ಲ, ಮುಗಿದರೆ ಕೊಯ್ದು ಬದಲಿಸಬೇಕು.

ಸದಸ್ಯ 4: ಕರೀನಾ ಅನ್ನೋ ಸಾಧನ? ಅದು ಚರ್ಮದ ಮೇಲಿಂದಲೇ ಚಾರ್ಜ್ ಆಗುತ್ತೆ.

ಸದಸ್ಯ 5: ಅದೂ ಮಧ್ಯಕಿವಿಯದೇ. ಗೂಗಲ್ ಓದಿಕೊಂಡು ವಾದಕ್ಕೆ ಬರಬೇಡಿ.

ಸದಸ್ಯ 4: ನೀವೇನು ಡಾಕ್ಟ್ರಾ?

ಆಡಿಯಾಲಜಿಸ್ಟ್: ಇಬ್ಬರೂ ನಿಲ್ಲಿಸಿ. ಬ್ಯಾಟರಿ ಸಮೇತ ಪೂರ್ತಿ ಒಳಗೇ ಕೂರುವ ಕಾಕ್ಲಿಯರ್ ಇಂಪ್ಲಾಂಟ್ ಇನ್ನೂ ಪ್ರಯೋಗದ ಹಂತದ್ದು. ಈ ಗುಂಪಿನ ಮಕ್ಕಳದು ಅದಲ್ಲ.

ಸದಸ್ಯ 7: ಒದ್ದೆ ಪ್ರೊಸೆಸರನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಆಮೇಲೆ ಚಾರ್ಜ್?

ಆಡಿಯಾಲಜಿಸ್ಟ್: ಅಕ್ಕಿ ಬೇಡ, ಧೂಳು ಮೈಕ್ ತೂತಿಗೆ ಸೇರುತ್ತೆ. ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿ ಬಳಸಿ. ಪೂರ್ತಿ ಒಣಗದೆ ಪ್ಯಾಡ್ ಮೇಲಿಡಬೇಡಿ.

ಸದಸ್ಯ 1: ಮೇಡಂ, ನೋಡಿದೆ. ಒಂದು ಕಡೆ ನೀರು ಒಸರಿ ಕೂದಲು ಅಂಟಿದೆ. ಸೋಮವಾರ ಹೋದರೆ ಆಗುತ್ತಾ?

ಆಡಿಯಾಲಜಿಸ್ಟ್: ಆಗಲ್ಲ. ಈಗಲೇ ತುರ್ತು ವಿಭಾಗಕ್ಕೆ ಹೋಗಿ, ಇಂಪ್ಲಾಂಟ್ ಕಾರ್ಡ್ ಜೊತೆಗಿರಲಿ. ಎಂಆರ್‌ಐ ಮಾಡಬೇಕು ಅಂದರೆ ಒಳಗೆ ಮ್ಯಾಗ್ನೆಟ್ ಇದೆ ಅಂತ ಹೇಳಿ ಮೊದಲು ಆ ಕಾರ್ಡ್ ತೋರಿಸಿ.

ಸದಸ್ಯ 6: ಇಂಡಕ್ಷನ್ ಒಲೆ ಕೇಳಿದ್ದೆ. ಯಾರೂ ಹೇಳಲಿಲ್ಲ.