ರಾಜ್ಯಶಾಸ್ತ್ರದ ಜೊತೆಗೆ ಯಾವ ವಿಷಯ? ಬಿ.ಎ. ಸೇರುವ ಮುನ್ನ ಒಂದು ಪ್ರಶ್ನೆ

ಬ್ರಹ್ಮಾವರದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಕಾಂಬಿನೇಷನ್‌ನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದು, ಉಡುಪಿಯಲ್ಲಿ ಅಥವಾ ಮಂಗಳೂರಿನಲ್ಲಿ ಬಿ.ಎ.ಗೆ ಸೇರಬೇಕೆಂದಿದ್ದೇನೆ. ರಾಜ್ಯಶಾಸ್ತ್ರವನ್ನು ಓದುವುದು ನಿಶ್ಚಯವಾಗಿದೆ. ನನ್ನ ಚಿಕ್ಕಮ್ಮ ಗ್ರಾಮ ಪಂಚಾಯತಿಯ ಸದಸ್ಯೆಯಾಗಿದ್ದಾಗ ಅವರ ಜೊತೆ ಗ್ರಾಮಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದೆ. ನಮ್ಮ ವಾರ್ಡಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಒಂದು ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಬೇಕೆಂದು ಜನರು ಪ್ರತಿ ಸಲವೂ ಕೇಳುತ್ತಿದ್ದರು. ಖಾತೆಯಲ್ಲಿ ಇಷ್ಟು ಹಣವಿದೆ ಎಂದು ಸಭೆಯಲ್ಲಿಯೇ ಓದಿ ಹೇಳುತ್ತಿದ್ದರು. ಆದರೂ ಆ ಹಣವನ್ನು ಸಂಕಕ್ಕೆ ಬಳಸುವಂತಿಲ್ಲ ಎಂಬ ಉತ್ತರವೇ ಬರುತ್ತಿತ್ತು. ಹಣವೂ ಇದೆ, ಬೇಡಿಕೆಯೂ ಇದೆ, ಚುನಾಯಿತ ಸದಸ್ಯರೂ ಇದ್ದಾರೆ, ಹಾಗಿದ್ದೂ ಕೆಲಸ ಏಕೆ ಆಗುವುದಿಲ್ಲ ಎಂಬ ಪ್ರಶ್ನೆ ಅಂದಿನಿಂದಲೂ ನನ್ನನ್ನು ಬಿಟ್ಟಿಲ್ಲ.

ಇದರ ಜೊತೆಗೆ ಯಾವ ವಿಷಯವನ್ನು ಆರಿಸಬೇಕೆಂಬುದೇ ಗೊಂದಲ. ಅಪ್ಪ ಅರ್ಥಶಾಸ್ತ್ರ ಎನ್ನುತ್ತಾರೆ. ಪಿಯುಸಿಯ ಉಪನ್ಯಾಸಕಿಯೊಬ್ಬರು ಪತ್ರಿಕೋದ್ಯಮವನ್ನು ಸೂಚಿಸಿದರು. ಐಎಎಸ್ ಪರೀಕ್ಷೆಗೆ ಅನುಕೂಲವೆಂದು ಅಣ್ಣ ಇತಿಹಾಸವನ್ನು ಹೇಳುತ್ತಿದ್ದಾನೆ. ಗಣಿತದಲ್ಲಿ ನಾನು ಅಷ್ಟು ಗಟ್ಟಿಯಿಲ್ಲ. ಓದಿದವರು, ಪಾಠ ಮಾಡಿದವರು ದಯವಿಟ್ಟು ತಿಳಿಸಬೇಕು.

ಮಂಗಳೂರಿನ ನಿವೃತ್ತ ಅಧ್ಯಾಪಕ:

ನಿಮ್ಮ ಕಾಲುಸಂಕದ ಪ್ರಸಂಗ ಮೇಲ್ನೋಟಕ್ಕೆ ಆಡಳಿತದ ವಿಷಯದಂತೆ ಕಂಡರೂ ಒಳಹೊಕ್ಕು ನೋಡಿದರೆ ಸಾರ್ವಜನಿಕ ಹಣಕಾಸಿನ ವಿಷಯ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು, ಉಳಿದ ಶೇ. 40ರಷ್ಟು ಮಾತ್ರ ಊರಿನ ಇತರ ಅಗತ್ಯಗಳಿಗೆ ಒದಗುವಂತಿತ್ತು. ನೀವು ಕೇಳಿಸಿಕೊಂಡ ಹಣ ಈ ಮೊದಲನೆಯ ಬಾಬಿನದಾಗಿದ್ದಿರಬಹುದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯತಿಗೆ ಯಾವ ಸ್ಥಾನವನ್ನು ಕೊಟ್ಟಿತೆಂಬುದನ್ನು ರಾಜ್ಯಶಾಸ್ತ್ರದ ತರಗತಿಯಲ್ಲಿ ಕಲಿಯುತ್ತೀರಿ. ಆ ಸ್ಥಾನ ಹಣದ ಷರತ್ತಿನ ಮುಂದೆ ಎಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರ ಬೇಕು. ಆದ್ದರಿಂದ ನಿಮ್ಮ ತಂದೆಯವರ ಮಾತು ನನಗೆ ಸರಿಯೆನಿಸುತ್ತದೆ.

ನಮ್ಮ ಕರಾವಳಿಯಲ್ಲಿ ಈ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಓದುವುದೇ ಕಷ್ಟ. ಮುಂದೆ ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಗಳು 1906ರಲ್ಲಿ ಕ್ರಮವಾಗಿ ಮಂಗಳೂರಿನಲ್ಲಿ ಮತ್ತು ಉಡುಪಿಯಲ್ಲಿ ಹುಟ್ಟಿದವು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಬಂದವು. 1969ರ ಜುಲೈನಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಸೇರಿದ್ದವು. 1980ರ ಎರಡನೆಯ ಸುತ್ತಿನಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಸೇರಿದವು. ಸಾಲ ಯಾರಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ ಎಂದು ಅರ್ಥಶಾಸ್ತ್ರ ಹೇಳಬಲ್ಲದು. 1969ರಲ್ಲಿ ಕಾಂಗ್ರೆಸ್ ಒಡೆಯುವ ಹೊತ್ತಿಗೆ ರಾಷ್ಟ್ರೀಕರಣದ ತೀರ್ಮಾನ ಏಕೆ ಬಂತೆಂಬುದಕ್ಕೆ ರಾಜ್ಯಶಾಸ್ತ್ರವನ್ನೇ ಕೇಳಬೇಕು. ತರಗತಿಯಲ್ಲಿ ಈ ಪಾಠ ಮಾಡುವಾಗ ಬ್ಯಾಂಕ್ ನೌಕರರ ಮಕ್ಕಳು ಮನೆಯ ಮಾತುಗಳನ್ನು ತಂದು ಮುಂದಿಡುತ್ತಿದ್ದರು. ನನ್ನ ವೃತ್ತಿಯ ಅತ್ಯಂತ ಸಂತೋಷದ ತಾಸುಗಳು ಅವೇ.

ಗಣಿತಕ್ಕೆ ಹೆದರಬೇಡಿ. ಬಿ.ಎ. ಮಟ್ಟದ ಅರ್ಥಶಾಸ್ತ್ರಕ್ಕೆ ಶೇಕಡಾವಾರು, ಸರಾಸರಿ, ರೇಖಾಚಿತ್ರಗಳನ್ನು ತಾಳ್ಮೆಯಿಂದ ಓದುವ ಅಭ್ಯಾಸವಿದ್ದರೆ ಆರಂಭಕ್ಕೆ ಸಾಕು.

ಐಎಎಸ್ ಬಗ್ಗೆ ಒಂದು ಮಾತು. ಹಿಂದೆ ಮುಖ್ಯ ಪರೀಕ್ಷೆಗೆ ಎರಡು ಐಚ್ಛಿಕ ವಿಷಯಗಳಿದ್ದಾಗ ಪದವಿಯ ಎರಡೂ ವಿಷಯಗಳನ್ನು ಅದಕ್ಕೆ ಹೊಂದಿಸಿಕೊಳ್ಳುವ ಸಲಹೆಗೆ ಅರ್ಥವಿತ್ತು. 2013ರಿಂದ ಐಚ್ಛಿಕ ವಿಷಯ ಒಂದೇ. ಅದಕ್ಕೆ ತಲಾ 250 ಅಂಕಗಳ ಎರಡು ಪತ್ರಿಕೆಗಳು. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಎಂಬುದೇ ಅಲ್ಲೊಂದು ಐಚ್ಛಿಕ. ಆದ್ದರಿಂದ ಆ ಪರೀಕ್ಷೆಯೊಂದಕ್ಕಾಗಿಯೇ ಇತಿಹಾಸವನ್ನು ಆರಿಸುವ ಅಗತ್ಯವಿಲ್ಲ.

ಇನ್ನೊಂದು ವ್ಯಾವಹಾರಿಕ ಅಂಶ ಇದಕ್ಕಿಂತ ಮುಖ್ಯ. ಅರ್ಥಶಾಸ್ತ್ರದ ಎಂ.ಎ.ಗೆ ಸಾಮಾನ್ಯವಾಗಿ ಪದವಿಯಲ್ಲಿ ಆ ವಿಷಯವನ್ನು ಓದಿರಬೇಕೆಂದು ಕೇಳುತ್ತಾರೆ. ಪತ್ರಿಕೋದ್ಯಮದ ಎಂ.ಎ.ಗೆ ಹೆಚ್ಚಿನ ಕಡೆ ಯಾವ ಪದವಿಯವರೂ ಸೇರಬಹುದು. ಈಗ ಕೈಬಿಟ್ಟರೆ ಮತ್ತೆ ಸಿಗದ ವಿಷಯ ಯಾವುದೆಂದು ನೋಡಿಕೊಂಡು ಆರಿಸಿ.

ಉಡುಪಿಯ ವರದಿಗಾರ್ತಿ:

ಹಿರಿಯರ ಕೊನೆಯ ಅಂಶವನ್ನು ಒಪ್ಪುತ್ತೇನೆ, ಆದರೆ ಪದವಿಯಲ್ಲಿ ಪತ್ರಿಕೋದ್ಯಮ ಓದಿದ್ದು ನನಗೆ ವ್ಯರ್ಥವಾಗಲಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯುವುದನ್ನೂ, ಮತಗಟ್ಟೆವಾರು ಫಲಿತಾಂಶವಿರುವ 20ನೇ ನಮೂನೆಯನ್ನು ಓದುವುದನ್ನೂ ನಾನು ಕಲಿತದ್ದು ಆ ತರಗತಿಯಲ್ಲಿ. ಅರ್ಜಿ ಹಾಕಿ ಕೇಳಿದ್ದರೆ ನಿಮ್ಮ ಕಾಲುಸಂಕದ ಹಣ ಯಾವ ಬಾಬಿನದೆಂಬುದು ಲಿಖಿತವಾಗಿ ಸಿಗುತ್ತಿತ್ತು.

ಮಂಗಳೂರಿನ ವಕೀಲ:

ತಂಗಿ, ನಾನು ರಾಜ್ಯಶಾಸ್ತ್ರ ಮತ್ತು ಇತಿಹಾಸವನ್ನು ಓದಿ, ಪದವಿಯ ನಂತರದ ಮೂರು ವರ್ಷದ ಎಲ್‌ಎಲ್.ಬಿ. ಮಾಡಿದವನು. ಐಎಎಸ್‌ನ ಮಾತು ಹಾಗಿರಲಿ, ಇತಿಹಾಸವನ್ನು ಇಷ್ಟು ಬೇಗ ಪಕ್ಕಕ್ಕಿಡಬೇಡಿ. ಮೇಲೆ ಹೇಳಿದ ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1970ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಸರ್ಕಾರ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ತಂದು, ಅನಂತರ ಹೊಸ ಕಾಯ್ದೆ ಮಾಡಿತು. ಮೂರೂ ವಿಷಯಗಳು ಕೂಡಿದರೆ ಮಾತ್ರ ಈ ಕಥೆ ಪೂರ್ತಿಯಾಗಿ ಅರ್ಥವಾಗುತ್ತದೆ.

ನಮ್ಮ ಜಿಲ್ಲೆಯ ಜಮೀನಿನ ವಿಷಯದಲ್ಲಿ ಇದು ಇನ್ನೂ ನಿಜ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಅಡಂಗಲ್‌ನಂತಹ (ಜಮೀನಿನ ಸಾಗುವಳಿ, ಬೆಳೆ ದಾಖಲಿಸುವ ಗ್ರಾಮದ ಪುಸ್ತಕ) ಹಳೆಯ ದಾಖಲೆಗಳು ಇಂದಿಗೂ ವ್ಯಾಜ್ಯಗಳಲ್ಲಿ ಬರುತ್ತವೆ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರರು ತಾವು ಉಳುತ್ತಿದ್ದ ಜಮೀನಿನ ಒಡೆತನಕ್ಕಾಗಿ 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ತಾವೇ ನಿಂತರು. ಅಲ್ಲಿ ಆರಂಭದಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ನಮ್ಮಲ್ಲಿ ಹಿರಿಯರು ಈ ಇಡೀ ಪ್ರಕ್ರಿಯೆಯನ್ನು ‘ಡಿಕ್ಲರೇಷನ್’ ಎಂದೇ ಹೇಳುತ್ತಾರೆ. ಧಣಿಗಳ ಮನೆಯಲ್ಲಿ ಕೇಳಿದರೆ ಒಂದು ನೆನಪು, ಒಕ್ಕಲಿನ ಮನೆಯಲ್ಲಿ ಕೇಳಿದರೆ ಮತ್ತೊಂದು. ಎರಡನ್ನೂ ಆ ಕಾಲದ ಕಾಗದದ ಜೊತೆ ಇಟ್ಟು ತೂಗುವುದನ್ನು ನನಗೆ ಕಲಿಸಿದ್ದು ಇತಿಹಾಸದ ತರಗತಿ. 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ಒಟ್ಟಿಗೆ ಸಿಗುವ ಕಾಲೇಜು ಯಾವುದೆಂದು ಮೊದಲು ವಿಚಾರಿಸಿ. ವೇಳಾಪಟ್ಟಿ ಕೂಡಿಬರದ ಕಡೆ ಬೇಕಾದ ಜೋಡಿ ಸಿಗುವುದಿಲ್ಲ.

ಬ್ರಹ್ಮಾವರದ ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದಗಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ಇರುವ ಕಾಂಬಿನೇಷನ್ ಕೇಳಲು ಸೋಮವಾರ ಅಪ್ಪನೊಂದಿಗೆ ಉಡುಪಿಯ ಎರಡು ಕಾಲೇಜುಗಳಿಗೆ ಹೋಗುತ್ತಿದ್ದೇನೆ. ವಕೀಲರು ಬರೆದದ್ದನ್ನು ಓದಿ ಹೇಳಿದಾಗ ಅಜ್ಜಿ ತಮ್ಮ ಪೆಟ್ಟಿಗೆಯಿಂದ ನ್ಯಾಯಮಂಡಳಿಯ ಆದೇಶದ ಪ್ರತಿಯೊಂದನ್ನು ತೆಗೆದುಕೊಟ್ಟರು. ಮುತ್ತಜ್ಜನ ಹೆಸರು, ಸರ್ವೆ ನಂಬರು ಸ್ಪಷ್ಟವಾಗಿವೆ. ಎರಡನೆಯ ಪುಟದ ಕೈಬರಹ ಮಾತ್ರ ಓದಲಾಗುತ್ತಿಲ್ಲ. ಇಂತಹ ಆದೇಶದ ಮೂಲ ಕಡತವನ್ನು ನೋಡಲು ಯಾವ ಕಚೇರಿಗೆ ಅರ್ಜಿ ಕೊಡಬೇಕೆಂದು ವಕೀಲರು ತಿಳಿಸಬಹುದೇ?